ಕೊಕ್ಕೆ ಎಲ್ಲಿರಬೇಕು? ಗಾಳಿಪಟ ಸವಾರರ ಪಟ್ಟಿ ಮತ್ತು ತಪ್ಪು ಭೌತವಿಜ್ಞಾನ

ನೆದರ್ಲೆಂಡ್ಸ್‌ನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಉತ್ತರ ಸಮುದ್ರದ ದಂಡೆಯಲ್ಲಿ ಕೈಟ್‌ಸರ್ಫಿಂಗ್ ಕಲಿಯಲು ಹೋದಳು. ಎರಡನೆಯ ಪಾಠದಲ್ಲೇ ಸೊಂಟಕ್ಕೆ ಕಟ್ಟಿದ್ದ ಪಟ್ಟಿ ಪಕ್ಕೆಲುಬಿನವರೆಗೆ ಏರಿಬಿಟ್ಟಿತು. ಅಪಾಯ ಬಂದಾಗ ಗಾಳಿಪಟವನ್ನು ಕಳಚಿಬಿಡಲು ಈ ಆಟದಲ್ಲಿ ಒಂದು ಬಿಡುಗಡೆ ಹಿಡಿಕೆ ಇರುತ್ತದೆ. ಅವಳ ಕೈ ಅದನ್ನು ಹೊಕ್ಕುಳ ಬಳಿ ಹುಡುಕಿತು. ಅದು ಎದೆಯ ಹತ್ತಿರ ಇತ್ತು. ಕೆಲವು ಕ್ಷಣ ತಡವಾಯಿತು, ಅಷ್ಟೇ, ಅನಾಹುತವೇನೂ ಆಗಲಿಲ್ಲ. ಆಮೇಲೆ ಅವಳು ಪಟ್ಟಿ ಕೊಳ್ಳುವವರಿಗಾಗಿ ಬರೆದ ಮೂರು ಮಾರ್ಗದರ್ಶಿಗಳನ್ನು ನನಗೆ ಕಳುಹಿಸಿ, "ಸರ್, ಇದರಲ್ಲಿ ಫಿಸಿಕ್ಸ್ ಸರಿ ಇದೆಯಾ?" ಎಂದು ಕೇಳಿದಳು. ಈ ಲೇಖನ ಆ ಪ್ರಶ್ನೆಗೆ ಉತ್ತರ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಇಪ್ಪತ್ತು ಮೀಟರಿಗೂ ಉದ್ದದ ದಾರಗಳ ತುದಿಯಲ್ಲಿ ದೊಡ್ಡ ಗಾಳಿಪಟ. ಕಾಲಡಿಯಲ್ಲಿ ಒಂದು ಹಲಗೆ. ಗಾಳಿ ಎಳೆದಂತೆ ನೀರಿನ ಮೇಲೆ ಸವಾರಿ. ನೀರಿಗೆ ಬಿದ್ದರೂ ಮತ್ತೆ ಮೇಲೇರಬಲ್ಲ, ಗಾಳಿ ತುಂಬಿದ ಚೌಕಟ್ಟಿನ ಗಾಳಿಪಟಕ್ಕೆ ಫ್ರಾನ್ಸಿನ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟ್ ಪಡೆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಮೊದಲ ಬಾರಿಗೆ ಸ್ಥಾನ ಪಡೆಯಿತು; ಮಾರ್ಸೇ ನಗರದ ಕಡಲಲ್ಲಿ ಸ್ಪರ್ಧೆ ನಡೆಯಿತು. ನಮ್ಮಲ್ಲೂ ರಾಮೇಶ್ವರದ ಕಡಲಲ್ಲಿ ಇದನ್ನು ಆಡುವವರಿದ್ದಾರೆ. ಎಳೆತವನ್ನು ತೋಳುಗಳೇ ಹೊರುವುದು ಅಸಾಧ್ಯ. ಆದ್ದರಿಂದ ಮೈಗೆ ಹಾರ್ನೆಸ್ ಎಂಬ ಪಟ್ಟಿ ಕಟ್ಟಿ, ಅದರ ಮುಂಭಾಗದ ಕೊಕ್ಕೆಗೆ ದಾರವನ್ನು ಸಿಕ್ಕಿಸುತ್ತಾರೆ. ಮೈಯ ಭಾರವನ್ನು ಹೀಗೆ ಕೊಕ್ಕೆಗೆ ತೂಗಿಬಿಡುವ ಉಪಾಯ ಹಾಯಿದೋಣಿಯವರದು. 1938ರಲ್ಲಿ ಪೀಟರ್ ಸ್ಕಾಟ್ ಮತ್ತು ಜಾನ್ ವಿಂಟರ್ ಇದರ ಬಲದಿಂದ ಪ್ರಿನ್ಸ್ ಆಫ್ ವೇಲ್ಸ್ ಕಪ್ ಗೆದ್ದರು. ಕೂಡಲೇ ಅದನ್ನು ನಿಷೇಧಿಸಲಾಯಿತು! (ಈ ಸ್ಕಾಟ್ ದಕ್ಷಿಣ ಧ್ರುವದ ಸ್ಕಾಟ್ ಅವರ ಮಗ, ಮುಂದೆ ಹೆಸರಾಂತ ಪಕ್ಷಿತಜ್ಞ.)

ಹಾರ್ನೆಸ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಸೊಂಟದ ಹಾರ್ನೆಸ್ ಅಗಲವಾದ ನಡುಪಟ್ಟಿಯಂತೆ. ಅದರ ಕೊಕ್ಕೆ ಹೊಕ್ಕುಳ ಮಟ್ಟದಲ್ಲಿ ಇಲ್ಲವೇ ತುಸು ಮೇಲೆ. ಸೀಟ್ ಹಾರ್ನೆಸ್‌ಗೆ ತೊಡೆಗಳ ಕೆಳಗೆ ಹಾಯುವ ಪಟ್ಟಿಗಳೂ ಇವೆ, ಕೊಕ್ಕೆ ಕೆಳಗೆ.

ಈಗ ಮಾರ್ಗದರ್ಶಿಗಳತ್ತ ಬರೋಣ. ಮೂರರಲ್ಲೂ ಇದ್ದ ವಾಕ್ಯ: "ಸೀಟ್ ಹಾರ್ನೆಸ್ ನಿಮ್ಮ ಗುರುತ್ವ ಕೇಂದ್ರವನ್ನು ಕೆಳಗಿಳಿಸುತ್ತದೆ." ಇದು ಶುದ್ಧ ತಪ್ಪು. ಎಪ್ಪತ್ತು ಕಿಲೋ ತೂಕದ ವ್ಯಕ್ತಿಯ ಗುರುತ್ವ ಕೇಂದ್ರ ಪಾದದಿಂದ 0.95 ಮೀಟರ್ ಎತ್ತರದಲ್ಲಿದೆ ಎನ್ನೋಣ. ಎರಡು ಕಿಲೋ ತೂಕದ ಪಟ್ಟಿಯನ್ನು 0.90 ಮೀಟರ್ ಎತ್ತರದಲ್ಲಿ ಕಟ್ಟಿದರೆ ಕೇಂದ್ರ ಕೆಳಗಿಳಿಯುವುದು ಒಂದೂವರೆ ಮಿಲಿಮೀಟರಿಗಿಂತ ಕಡಿಮೆ. ಕಾಲಿಗೆ ಕಟ್ಟಿದ ಮೂರು ಕಿಲೋ ಹಲಗೆ ಅದನ್ನು ನಾಲ್ಕು ಸೆಂಟಿಮೀಟರಿನಷ್ಟು ಇಳಿಸುತ್ತದೆ. ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಹಾರ್ನೆಸ್ ಬದಲಿಸುವುದು ಗುರುತ್ವ ಕೇಂದ್ರವನ್ನಲ್ಲ, ಬಲ ಪ್ರಯೋಗವಾಗುವ ಬಿಂದುವನ್ನು. ಎರಡೂ ಒಂದೇ ಎಂದು ಬರೆಯುವ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ.

ಹಾಗಾದರೆ ಬಿಂದು ಬದಲಾದರೆ ಏನಾಗುತ್ತದೆ? ಸವಾರನನ್ನು ಪಾದದ ಮೇಲೆ ನಿಂತ ಗಟ್ಟಿ ಕೋಲು ಎಂದು ಭಾವಿಸಿ. ದಾರದ ಎಳೆತ ಅವನನ್ನು ಗಾಳಿಪಟದ ಕಡೆ ಬೀಳಿಸಲು ನೋಡುತ್ತದೆ. ಅವನು ಹಿಂದಕ್ಕೆ ವಾಲಿ ತನ್ನ ತೂಕದಿಂದ ಅದನ್ನು ಸರಿದೂಗಿಸುತ್ತಾನೆ. ಪಾದದ ಸುತ್ತ ಎರಡೂ ಭ್ರಾಮಕಗಳು ಸಮನಾಗಬೇಕು. ದಾರ ಕ್ಷಿತಿಜದಿಂದ 45 ಡಿಗ್ರಿ ಮೇಲಿದೆ, ಎಳೆತ 350 ನ್ಯೂಟನ್, ಅಂದರೆ ಸವಾರನ ತೂಕದ ಅರ್ಧದಷ್ಟು ಎನ್ನಿ. ಕೊಕ್ಕೆ ಗುರುತ್ವ ಕೇಂದ್ರದ ಮಟ್ಟದಲ್ಲೇ ಇದ್ದರೆ, ಲಂಬದಿಂದ ಸುಮಾರು 29 ಡಿಗ್ರಿ ವಾಲಿದರೆ ಸಾಕು. ಕೊಕ್ಕೆ 1.10 ಮೀಟರಿಗೆ ಏರಿದರೆ 35 ಡಿಗ್ರಿ ವಾಲಬೇಕು. ಇನ್ನೊಂದು ರೀತಿ ಹೇಳಿದರೆ, ಅಷ್ಟೇ ವಾಲಿಕೆಯಲ್ಲಿ ಕೆಳಗಿನ ಕೊಕ್ಕೆಯವನು ಸುಮಾರು ಶೇಕಡ 16ರಷ್ಟು ಹೆಚ್ಚಿನ ಎಳೆತವನ್ನು ತಡೆದುಕೊಳ್ಳಬಲ್ಲ. ಸೀಟ್ ಹಾರ್ನೆಸ್‌ನಲ್ಲಿ "ಹೆಚ್ಚು ಹಿಡಿತ" ಎಂದು ಸವಾರರು ಹೇಳುವ ಅನುಭವ ನಿಜ. ಅದಕ್ಕೆ ಮಾರ್ಗದರ್ಶಿ ಕೊಟ್ಟ ಕಾರಣ ಮಾತ್ರ ಸುಳ್ಳು.

ಎರಡನೆಯ ಉಪದೇಶ: "ಕಲಿಯುವವರಿಗೆ ಸೀಟ್, ನುರಿತವರಿಗೆ ಸೊಂಟ." ಇದನ್ನು ಒಂದು ಬಡ್ತಿಯಂತೆ ಬರೆದಿದ್ದಾರೆ, ಮೂರುಗಾಲಿ ಬಿಟ್ಟು ಸೈಕಲ್ ಹತ್ತಿದ ಹಾಗೆ. ಸಲಹೆ ಬಹುಮಟ್ಟಿಗೆ ಸರಿ. ಆದರೆ ಕಾರಣ ನೈಪುಣ್ಯವಲ್ಲ, ಕೋನ.

ನೋಡಿ, ಸೊಂಟದ ಪಟ್ಟಿಯನ್ನು ಮೇಲೆ ಸರಿಯದಂತೆ ಹಿಡಿದಿಡುವುದು ಘರ್ಷಣೆ ಮತ್ತು ಪಕ್ಕೆಲುಬುಗಳ ಅಗಲ, ಇವೆರಡೇ. (ನನ್ನ ವಯಸ್ಸಿನ ಪ್ರಾಧ್ಯಾಪಕರ ಪ್ಯಾಂಟಿನ ಬೆಲ್ಟು ಕೆಳಗೆ ಜಾರುವುದೂ ಇದೇ ಸಮಸ್ಯೆ, ದಿಕ್ಕು ಮಾತ್ರ ಬೇರೆ.) ಎಳೆತವನ್ನು ಎರಡು ಘಟಕಗಳಾಗಿ ಒಡೆಯಿರಿ: ಮೈಗೆ ಲಂಬವಾದದ್ದು, ಮೈಯುದ್ದಕ್ಕೆ ಮೇಲ್ಮುಖವಾದದ್ದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವುದು, ದಾರದ ಕೋನದಿಂದ ವಾಲಿಕೆಯ ಕೋನ ಕಳೆದಾಗ ಉಳಿಯುವ ಕೋನದ ಟ್ಯಾಂಜೆಂಟ್. ಮೇಲಿನ ಉದಾಹರಣೆಯ ಸವಾರನಿಗೆ 45ರಲ್ಲಿ 35 ಕಳೆದರೆ 10 ಡಿಗ್ರಿ, ಟ್ಯಾಂಜೆಂಟ್ 0.18. ಪಟ್ಟಿಗೂ ಮೈಗೂ ನಡುವಿನ ಘರ್ಷಣ ಗುಣಾಂಕ 0.3 ಎಂದಿಟ್ಟುಕೊಂಡರೂ ಪಟ್ಟಿ ಕದಲುವುದಿಲ್ಲ. ಕಲಿಯುವವಳು ಹಾಗಲ್ಲ. ಅವಳು ನೀರಿನಲ್ಲಿ ನೆಟ್ಟಗೆ ನಿಂತು, ಹೆದರಿ, ಗಾಳಿಪಟವನ್ನು ನೆತ್ತಿಯ ಮೇಲೆಯೇ ಇಟ್ಟುಕೊಳ್ಳುತ್ತಾಳೆ. ದಾರ 80 ಡಿಗ್ರಿ, ವಾಲಿಕೆ ಸೊನ್ನೆ, ಟ್ಯಾಂಜೆಂಟ್ 5.7. ಒದ್ದೆ ಮೈಯ ಮೇಲೆ ಯಾವ ಘರ್ಷಣೆಯೂ ಇದನ್ನು ಒಂದೇ ತಡೆಯಲಾರದು. ತಡೆಯಬೇಕಾದರೆ ಪಟ್ಟಿಯನ್ನು ಇನ್ನೂ ಬಿಗಿಯಬೇಕು. ಬಿಗಿದಷ್ಟೂ ಉಸಿರಾಟ ಕಷ್ಟ. ತೊಡೆಪಟ್ಟಿ ಇದ್ದಲ್ಲಿ ಈ ಲೆಕ್ಕವೇ ಬೇಡ. ಎತ್ತಿನ ನೊಗ ಹಿಣಿಲಿಗೆ ಆತು ನಿಲ್ಲುವುದು ಘರ್ಷಣೆಯಿಂದಲ್ಲ, ಆಕಾರದಿಂದ, ತೊಡೆಪಟ್ಟಿಯೂ ಹಾಗೆಯೇ.

ನನ್ನ ವಿದ್ಯಾರ್ಥಿನಿಗೆ ಆದದ್ದು ಇದು. ಬಿಡುಗಡೆ ವ್ಯವಸ್ಥೆಗೆ 2020ರಲ್ಲಿ ಐಎಸ್ಒ 21853 ಎಂಬ ಅಂತರರಾಷ್ಟ್ರೀಯ ಮಾನಕ ಬಂದಿದೆ, ಒಳ್ಳೆಯದೇ. ಆದರೆ ಹಿಡಿಕೆ ಎಷ್ಟೇ ಚೆನ್ನಾಗಿದ್ದರೂ, ಅದು ಇರಬೇಕಾದ ಜಾಗದಿಂದ ಒಂದು ಗೇಣು ಮೇಲೆ ಹೋಗಿದ್ದರೆ ಗಾಬರಿಯಾದ ಕೈಗೆ ಸಿಗುವುದು ತಡ. ಮೂರು ಮಾರ್ಗದರ್ಶಿಗಳಲ್ಲಿ ಒಂದೂ ಈ ಮಾತನ್ನು ಹೇಳಿಲ್ಲ. "ಆರಾಮ", "ಶೈಲಿ" ಎಂಬ ಮಾತುಗಳಿಗೆ ಮಾತ್ರ ಪುಟಗಟ್ಟಲೆ ಜಾಗ ಸಿಕ್ಕಿದೆ.

"ಸೊಂಟದ ಹಾರ್ನೆಸ್ ಬೆನ್ನಿಗೆ ಆಸರೆ" ಎಂಬ ಮಾತನ್ನೂ ಅನುಮಾನದಿಂದಲೇ ನೋಡಬೇಕು. ನಾನು ವೈದ್ಯನಲ್ಲ. ಆದರೆ ಅಗಲ ಪಟ್ಟಿ ಒತ್ತಡವನ್ನು ಹಂಚುತ್ತದೆಯೇ ಹೊರತು ಭ್ರಾಮಕವನ್ನು ಕಡಿಮೆ ಮಾಡುವುದಿಲ್ಲ ಎಂಬುದಕ್ಕೆ ವೈದ್ಯನಾಗಬೇಕಿಲ್ಲ.

ಹಾಗೆಂದು ಸೊಂಟದ ಹಾರ್ನೆಸ್ ಕೀಳಲ್ಲ. ಸವಾರ ಗಾಳಿಗೆ ನೆಗೆದಾಗ ಅವನ ಇಡೀ ಭಾರ ಕೊಕ್ಕೆಯಿಂದ ತೂಗುತ್ತದೆ. ಕೊಕ್ಕೆ ಗುರುತ್ವ ಕೇಂದ್ರಕ್ಕಿಂತ ಮೇಲಿದ್ದರೆ ಅದು ಲೋಲಕದಂತೆ ಸ್ಥಿರ ಸಮತೋಲ; ಮೈ ತಾನಾಗಿ ನೆಟ್ಟಗಾಗುತ್ತದೆ. ಕೊಕ್ಕೆ ಕೇಂದ್ರದ ಮಟ್ಟದಲ್ಲಿದ್ದರೆ ತಟಸ್ಥ ಸಮತೋಲ. ಸ್ವಲ್ಪ ತಪ್ಪಿದರೂ ತಲೆ ಹಿಂದಕ್ಕೆ ಹೋಗಬಹುದು. ತೊಡೆಗಳಿಗೂ ಅಡ್ಡಿಯಿಲ್ಲ. ಜಿಗಿಯುವವರು ಸೊಂಟದ ಹಾರ್ನೆಸ್ ಮೆಚ್ಚುವುದಕ್ಕೆ ಭೌತವಿಜ್ಞಾನದ ಬೆಂಬಲ ಇದೆ. ಇದನ್ನೂ ಆ ಪುಟಗಳಲ್ಲಿ ಯಾರೂ ಬರೆದಿಲ್ಲ!

ಉಪಾಧ್ಯಾಯರು ಇದನ್ನು ತರಗತಿಯಲ್ಲಿ ಮಾಡಿ ತೋರಿಸಬಹುದು. ಒಂದು ಮೀಟರ್ ಕೋಲಿನ ಕೆಳತುದಿಯನ್ನು ಮೇಜಿನ ಮೇಲೆ ಜಾರದಂತೆ ಒತ್ತಿಡಿ. ನಡುವೆ 50 ಸೆಂಟಿಮೀಟರಿನಲ್ಲಿ ಒಂದು ತೂಕ ಕಟ್ಟಿ. ಕೋಲನ್ನು ಒಂದೇ ಕೋನದಲ್ಲಿ ವಾಲಿಸಿ, ಸ್ಪ್ರಿಂಗ್ ತಕ್ಕಡಿಯನ್ನು ಮೊದಲು 50ರಲ್ಲಿ, ಆಮೇಲೆ 58ರಲ್ಲಿ ಸಿಕ್ಕಿಸಿ ಎಳೆಯಿರಿ. ದಾರದ ದಿಕ್ಕು ಎರಡು ಸಲವೂ ಒಂದೇ ಇರಲಿ. ಆ ಶೇಕಡ 16 ತಕ್ಕಡಿಯಲ್ಲೇ ಕಾಣುತ್ತದೆ. ಮಕ್ಕಳು ಗುರುತ್ವ ಕೇಂದ್ರ ಕದಲಿತೇ ಎಂದು ಕೇಳಿದರೆ, ಕಟ್ಟಿದ ತೂಕ ಅಲ್ಲೇ ಇದೆಯಲ್ಲ, ತೋರಿಸಿ.

ವಿದ್ಯಾರ್ಥಿನಿ ಸೀಟ್ ಹಾರ್ನೆಸ್ ಕೊಂಡಳು. ಪ್ರತಿ ಸಲ ನೀರಿಗಿಳಿಯುವ ಮೊದಲು ದಡದಲ್ಲಿ ಕಣ್ಣುಮುಚ್ಚಿ ಬಿಡುಗಡೆ ಹಿಡಿಕೆಯನ್ನು ಮೂರು ಬಾರಿ ಮುಟ್ಟಿ ನೋಡುತ್ತಾಳಂತೆ. ತೊಡೆಪಟ್ಟಿ ಉಜ್ಜಿ ಚರ್ಮ ಕೆಂಪಾಗಿದೆ, ಅದಕ್ಕೇನಾದರೂ ಸಮೀಕರಣ ಇದೆಯೇ ಎಂದು ಮೊನ್ನೆ ಬರೆದಿದ್ದಾಳೆ.