ಕಟ್ಟಿಕೊಂಡ ಕೊಳವೆಯ ಚಿತ್ರ ಎಷ್ಟು ಸರಿ?

ಹೃದ್ರೋಗದ ಪಾಠದಲ್ಲಿ ಕರಿಹಲಗೆಯ ಮೇಲೆ ಬರೆಯುವ ಚಿತ್ರ ನಿಮಗೆ ಪರಿಚಿತವೇ. ಒಂದು ಕೊಳವೆ, ಒಳಗೆ ಕೊಬ್ಬು ಅಂಟಿ ದಾರಿ ಕಿರಿದಾಗುತ್ತದೆ, ಒಂದು ದಿನ ಪೂರ್ತಿ ಕಟ್ಟಿಕೊಂಡು ಹೃದಯಾಘಾತ. ಹೃದ್ರೋಗ ತಜ್ಞರು ಬಲೂನು ಹಿಗ್ಗಿಸಿ, ಸ್ಟೆಂಟ್ ಎಂಬ ಪುಟ್ಟ ಜಾಲರಿ ಇರಿಸಿದರೆ ಗಂಡಾಂತರ ಕಳೆಯಿತು. ಚಿತ್ರ ಸರಳ, ನೆನಪಿನಲ್ಲಿಯೂ ಉಳಿಯುತ್ತದೆ. ಆದರೆ ಅದು ಅರ್ಧ ಸತ್ಯ.

ಧಮನಿಯ ಗೋಡೆ ಜೀವಂತ ಅಂಗಾಂಶ. ಕೊಬ್ಬು ಶೇಖರವಾಗುವುದು ಈ ಗೋಡೆಯ ಒಳಗೆ. ಮೊದಮೊದಲು ಗೋಡೆ ಹೊರಕ್ಕೆ ಉಬ್ಬುವುದರಿಂದ ರಕ್ತದ ದಾರಿ ಕಿರಿದಾಗದೆ ಉಳಿಯಬಹುದೆಂದು ಗ್ಲಾಗೊವ್ ಮತ್ತು ಸಂಗಡಿಗರು 1987ರಲ್ಲೇ ತೋರಿಸಿದರು. ಏಂಜಿಯೋಗ್ರಾಮ್‌ನಲ್ಲಿ ಕಾಣುವುದು ದಾರಿಯ ನೆರಳು, ಗೋಡೆಯಲ್ಲ. ಹೆಚ್ಚೇನೂ ಕಿರಿದಾಗದ ಕಡೆಯೂ ಕೊಬ್ಬಿನ ಮೇಲಿನ ತೆಳು ಪೊರೆ ಹರಿದರೆ, ರಕ್ತ ಹೆಪ್ಪುಗಟ್ಟಿ ಆಘಾತವಾಗಬಹುದು. ಆಗ ಪ್ರತಿ ನಿಮಿಷವೂ ಮುಖ್ಯ. ಇಸಿಜಿ, ಟ್ರೋಪೋನಿನ್ ಪರೀಕ್ಷೆಗಳಿಂದ ಗುರುತಿಸಿ, ಮುಚ್ಚಿದ ಧಮನಿಯನ್ನು ಬೇಗ ತೆರೆದರೆ ಜೀವ ಉಳಿಯುತ್ತದೆ. ಇದರಲ್ಲಿ ವಿವಾದವಿಲ್ಲ.

ಪ್ರಶ್ನೆ ಏಳುವುದು, ಮೆಟ್ಟಿಲು ಹತ್ತಿದಾಗ ಎದೆನೋವು ಬಂದು, ಕುಳಿತರೆ ಹೋಗುವ ರೋಗಿಗಳ ವಿಷಯದಲ್ಲಿ. 2,287 ಜನರ ಕರೇಜ್ ಅಧ್ಯಯನ (2007), 5,179 ಜನರ ಇಸ್ಕೀಮಿಯಾ ಅಧ್ಯಯನ (2020) ಎರಡೂ ಹೇಳಿದ್ದು ಒಂದೇ: ಇಂಥವರಿಗೆ ಉತ್ತಮ ಔಷಧೋಪಚಾರದ ಮೇಲೆ ಧಮನಿಯನ್ನೂ ತೆರೆದಾಗ ಸಾವು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಕಾರಣ ಸ್ಪಷ್ಟ. ಸ್ಟೆಂಟ್ ಸರಿಪಡಿಸುವುದು ಒಂದು ಜಾಗವನ್ನು. ರೋಗ ಹಲವು ಕಡೆ ಹರಡಿರುತ್ತದೆ.

ನೋವಾದರೂ ತಗ್ಗುವುದೇ? 2017ರಲ್ಲಿ ಬ್ರಿಟನ್ನಿನ ಆರ್ಬಿಟಾ ಪ್ರಯೋಗದಲ್ಲಿ ಔಷಧಿ ಸೇವಿಸುತ್ತಿದ್ದ 200 ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸ್ಟೆಂಟ್ ಹಾಕಿದರು. ಉಳಿದವರಿಗೆ ಹಾಕಿದಂತೆ ನಟಿಸಿದರು. ಯಾರಿಗೆ ಯಾವುದೆಂದು ರೋಗಿಗಳಿಗೆ ಗೊತ್ತಿರಲಿಲ್ಲ. ಆರು ವಾರಗಳ ನಂತರ ಟ್ರೆಡ್‌ಮಿಲ್ ನಡಿಗೆಯ ಅವಧಿಯಲ್ಲಿ ಕಂಡ ವ್ಯತ್ಯಾಸ 16.6 ಸೆಕೆಂಡು, ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣ್ಯವಲ್ಲ. ನಿಯಂತ್ರಿತ ಪ್ರಯೋಗ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಹಾಗೆಂದು ಸ್ಟೆಂಟ್ ನಿಷ್ಪ್ರಯೋಜಕವೆನ್ನುವುದು ಇನ್ನೊಂದು ಅತಿರೇಕ. ಎದೆನೋವಿನ ಔಷಧಿ ನಿಲ್ಲಿಸಿದ್ದ 301 ಜನರ ಮೇಲೆ 2023ರಲ್ಲಿ ನಡೆದ ಎರಡನೆಯ ಆರ್ಬಿಟಾದಲ್ಲಿ ಸ್ಟೆಂಟ್ ಎದೆನೋವನ್ನು ನಿಜಕ್ಕೂ ತಗ್ಗಿಸಿತು. ಎಡ ಮುಖ್ಯ ಧಮನಿ ತೀರ ಕಿರಿದಾದವರನ್ನು ಮೇಲಿನ ಎರಡು ದೊಡ್ಡ ಅಧ್ಯಯನಗಳಿಂದ ಹೊರಗಿಟ್ಟಿದ್ದರು. ಆ ಫಲಿತಾಂಶಗಳನ್ನು ಅವರಿಗೆ ಅನ್ವಯಿಸುವಂತಿಲ್ಲ.

‘ಶೇಕಡಾ 80 ಬ್ಲಾಕ್’ ಎಂಬ ಮಾತು ಕೇಳಿ ಆಸ್ಪತ್ರೆಯಲ್ಲಿ ಗಾಬರಿಗೊಳ್ಳುವ ಕುಟುಂಬದ ಮನಸ್ಸಿನಲ್ಲಿರುವುದು ನಾವು ಕಲಿಸಿದ ಕೊಳವೆಯೇ. ಇದು ಆಘಾತವೋ, ಶ್ರಮಪಟ್ಟಾಗಷ್ಟೇ ಬರುವ ನೋವೋ? ಸ್ಟೆಂಟ್ ಜೀವ ಉಳಿಸಲೋ, ನೋವು ತಗ್ಗಿಸಲೋ? ವೈದ್ಯರನ್ನು ಹೀಗೆ ಕೇಳುವ ತಿಳಿವಳಿಕೆ ತರಗತಿಯಲ್ಲೇ ಮೂಡಬೇಕು. ಮುಂದಿನ ಸಲ ಚಿತ್ರ ಬರೆಯುವಾಗ ಕೊಳವೆಗೊಂದು ದಪ್ಪ ಗೋಡೆಯನ್ನೂ ಬರೆಯಿರಿ. ಕೊಬ್ಬನ್ನು ಅದರೊಳಗೆ ತೋರಿಸಿ.