ಹುಲಿಬಾಯಿಯ ಕೋವಿಗಳು

ಕಲಬುರಗಿ ಕೋಟೆಗೆ ಬಂದವರು ಮೊದಲು ಕೇಳುವುದು ಬಾರಾ ಗಜಿ ತೋಪಿನ ಉದ್ದ. ಸುಮಾರು 29 ಅಡಿ ಅಂದ ಕೂಡಲೇ ಹುಬ್ಬೇರಿಸುತ್ತಾರೆ, ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಸೇಡಂ ರಸ್ತೆಯ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವ ಹುಡುಗರ ಮಾತೂ ಉದ್ದ, ತೂಕ, ಯುದ್ಧಗಳನ್ನು ದಾಟುವುದು ಅಪರೂಪ. ದಖ್ಖನಿನ ತೋಪು, ಕೋವಿಗಳನ್ನು ಕುಸುರಿಯ ಕಣ್ಣಿನಿಂದ ನೋಡಿದವರು ಕಡಿಮೆ. ನೋಡಿದರೆ ಏಳುವ ಮೊದಲ ಪ್ರಶ್ನೆ: ಇಷ್ಟೆಲ್ಲ ಕೆತ್ತಿದ್ದು ಯಾರು ನೋಡಲೆಂದು?

ವಿಜಯಪುರದ ಮಲಿಕ್-ಎ-ಮೈದಾನ್ ಇದಕ್ಕೆ ನೇರ ಉತ್ತರ ಕೊಡುತ್ತದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ಈ ತೋಪಿನ ಮೂತಿಯಲ್ಲಿ ಸಿಂಹ ಬಾಯಿ ತೆರೆದಿದೆ. ದವಡೆಯಲ್ಲಿ ಆನೆ ಸಿಕ್ಕಿಕೊಂಡಿದೆ. ಬತ್ತಿ ಹಚ್ಚುವವನಿಗೆ ಅದು ಕಾಣುವುದಿಲ್ಲ. ಎದುರು ನಿಂತವನಿಗೆ ಕಾಣುತ್ತದೆ.

ಎರಡೂವರೆ ಶತಮಾನದ ಆಚೆ ಶ್ರೀರಂಗಪಟ್ಟಣದಲ್ಲಿ ಅದೇ ಬುದ್ಧಿ ಕೈಗೆ ಹಿಡಿಯುವ ಕೋವಿಗೆ ಇಳಿಯಿತು. ಟಿಪ್ಪುವಿನ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಬಂದೂಕುಗಳ ಮೂತಿಯಲ್ಲಿ ಹುಲಿ, ಚಕಮಕಿ ಕಲ್ಲು ಕಚ್ಚುವ ಕುದುರೆಯಲ್ಲಿ ಹುಲಿ, ನಳಿಗೆಯ ಮೈತುಂಬ ಬೆಳ್ಳಿಯಲ್ಲಿ ಕೂರಿಸಿದ ಹುಲಿಪಟ್ಟೆ. ಅಸದುಲ್ಲಾ ಅಲ್-ಗಾಲಿಬ್ (ದೇವರ ವಿಜಯಿ ಸಿಂಹ) ಎಂಬ ಅಕ್ಷರಗಳನ್ನೇ ಹುಲಿಮುಖವಾಗಿ ಹೆಣೆದಿದ್ದಾರೆ. ಇದನ್ನು ಅರಮನೆಯ ಆಡಂಬರ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಿಕ್ಕಸಿಕ್ಕಲ್ಲಿ ಹೂಬಳ್ಳಿ ತುಂಬುವ ಅವಸರ ಇಲ್ಲಿಲ್ಲ. ಒಂದೇ ಪಟ್ಟೆ ಕತ್ತಿ, ಕೋವಿ, ಸಿಪಾಯಿಯ ಅಂಗಿ, ಸಿಂಹಾಸನದವರೆಗೂ ಹರಿದಿದೆ. ಒಂದು ರಾಜ್ಯಕ್ಕೆ ಇಷ್ಟು ಬಿಗಿಯಾದ ಚಿತ್ರಭಾಷೆ ಆ ಕಾಲದಲ್ಲಿ ಎಷ್ಟು ಕಡೆ ಇತ್ತು? ಚಕಮಕಿಯ ಯಂತ್ರ ಯುರೋಪಿನ ಮಾದರಿಯದು, ನಿಜ. ಆದರೆ ಅದನ್ನು ಇಲ್ಲೇ ಮಾಡಿ, ಇಲ್ಲಿನ ಮುಖ ಕೊಟ್ಟರು. ಬೆಳ್ಳಿಯನ್ನು ಲೋಹದೊಳಗೆ ಕೂರಿಸುವುದಂತೂ ಬಿದರಿಯ ಸೀಮೆಯವರಾದ ನಮಗೆ ಹೊಸದಲ್ಲ.

ಅದೇ ಹೊತ್ತಿಗೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜರ್ಮನ್ ಮೂಲದ ಕಮ್ಮಾರರು ಮತ್ತೊಂದು ಚಕಮಕಿ ಕೋವಿಯನ್ನು ಪಳಗಿಸುತ್ತಿದ್ದರು. ತಮ್ಮೂರಿನ ಗಿಡ್ಡ ಬೇಟೆಕೋವಿಯ ನಳಿಗೆಯನ್ನು 40 ಅಂಗುಲಕ್ಕೂ ಮೀರಿ ಬೆಳೆಸಿದರು, ಒಳಗಿನ ಸುರುಳಿ ಗೀರು ಉಳಿಸಿಕೊಂಡರು, ಗುಂಡನ್ನು ಕೊಬ್ಬು ಸವರಿದ ಬಟ್ಟೆಚೂರಿನಲ್ಲಿ ಸುತ್ತಿ ತುಂಬಿದರು. ತುಂಬುವುದು ನಿಧಾನ, ಗುರಿ ಮಾತ್ರ ಖಚಿತ. ಆ ಬಟ್ಟೆಚೂರು ಇಡಲು ಹಿಡಿಯಲ್ಲೊಂದು ಹಿತ್ತಾಳೆ ಮುಚ್ಚಳದ ಗೂಡು. ಅಲೆಅಲೆಯಾದ ನಾರಿನ ಮೇಪಲ್ ಮರದಲ್ಲಿ ಬಳ್ಳಿ ಕೆತ್ತಿದ್ದು ಎಲ್ಲಿ ಗೊತ್ತೇ? ಗುರಿ ಹಿಡಿಯುವವನ ಕೆನ್ನೆ ತಾಗುವ ಜಾಗದ ಹಿಂದೆ. ಎದುರಿನ ಜಿಂಕೆಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಆ ಸೊಬಗು ಒಡೆಯನೊಬ್ಬನದೇ.

ಹೀಗೆಂದು ಅಮೆರಿಕದ್ದು ಮೇಲು, ನಮ್ಮದು ಕೀಳು ಎಂದು ತೂಗುವ ಇರಾದೆ ನನಗಿಲ್ಲ. ಕೆತ್ತನೆಯ ದಿಟ್ಟತನದಲ್ಲಿ ಮೈಸೂರಿನ ಹುಲಿ ಆ ಬಳ್ಳಿಗಿಂತ ಎಷ್ಟೋ ಮುಂದೆ. ಸೋತದ್ದು ಬೇರೆಡೆ. ಅಲ್ಲಿನ ಕಮ್ಮಾರನಿಗೆ ರೈತರು, ಬೇಟೆಗಾರರು ನೂರಾರು ಗಿರಾಕಿಗಳು. ಇಲ್ಲಿನ ಕುಶಲಕರ್ಮಿಗೆ ಒಬ್ಬನೇ, ಟಿಪ್ಪು. 1799ರ ಮೇ 4ರಂದು ಆ ಒಬ್ಬ ಬಿದ್ದ. ಶ್ರೀರಂಗಪಟ್ಟಣದ ಕೋವಿ ಕುಸುರಿಯ ಶಾಲೆ ಅಲ್ಲಿಗೆ ಮುಗಿಯಿತು. ಕೋವಿಗಳು ಲೂಟಿಯಾಗಿ ಹಡಗೇರಿದವು. ಈಗ ಅವನ್ನು ನೋಡಲು ವೇಲ್ಸ್‌ನ ಪೋವಿಸ್ ಕೋಟೆಗೋ ವಿಂಡ್ಸರ್‌ಗೋ ಹೋಗಬೇಕು.

ಕರ್ನಾಟಕದಲ್ಲಿ ಕೋವಿ ಮನೆಯ ವಸ್ತುವಾಗಿ ಉಳಿದದ್ದು ಕೊಡಗಿನಲ್ಲಿ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಪರವಾನಗಿಯ ವಿನಾಯಿತಿಯೂ ಬ್ರಿಟಿಷರ ಕಾಲದಿಂದ ಬಂದಿದೆ. ಶ್ರೀರಂಗಪಟ್ಟಣದ ಕೈಕಸುಬು ಮಾತ್ರ ಅಲ್ಲಿಗೂ ದಾಟಲಿಲ್ಲ.

ವಿಮರ್ಶೆಯೂ ಆ ಒಬ್ಬ ಗಿರಾಕಿಯ ನೆರಳಿನಿಂದ ಹೊರಬಂದಿಲ್ಲ. ಅಮೆರಿಕದ ಸಂಗ್ರಾಹಕರು ಲ್ಯಾಂಕಾಸ್ಟರಿನ ಜೇಕಬ್ ಡಿಕರ್ಟ್‌ನಂಥ ಕಮ್ಮಾರರ ಹೆಸರು ಹಿಡಿದು ಕೋವಿ ಹುಡುಕುತ್ತಾರೆ. 2015ರಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿಗೆ ಬಂದ ನಮ್ಮ ಕೋವಿಗಳಿಗೆ ಬೆಲೆ ಕಟ್ಟಿದ್ದು ಟಿಪ್ಪುವಿನ ಹೆಸರು. ಆ ಶಾಲೆಯ ಕೋವಿಗಳ ಮೇಲೆ ಸಯ್ಯದ್ ಮಾಸೂಮ್, ಅಸದ್ ಅಮೀನ್ ಎಂಬ ಕುಶಲಕರ್ಮಿಗಳು ತಮ್ಮ ಹೆಸರು ಕೊರೆದೇ ಇದ್ದಾರೆ. ಮಾಸೂಮನ ಹುಲಿಗೂ ಅಮೀನನ ಹುಲಿಗೂ ಏನು ವ್ಯತ್ಯಾಸ ಎಂಬುದರ ಮೇಲೆ ಕನ್ನಡದಲ್ಲಿ ಒಂದು ಪ್ರಬಂಧ ಬರಲಿ. ಸೇಡಂ ರಸ್ತೆಯಿಂದಲೇ ಬಂದರೆ ಇನ್ನೂ ಚೆನ್ನ.