ಕೆಂಪು ಮೂಗಿನ ಹಿಮಸಾರಂಗ ಮತ್ತು ನಮ್ಮ ಚಿಣ್ಣರು

ಡಿಸೆಂಬರ್ ಬಂತೆಂದರೆ ಬಾಂದ್ರಾದ ಹಿಲ್ ರೋಡಿನ ಅಂಗಡಿಗಳಲ್ಲಿ ಕಾಗದದ ನಕ್ಷತ್ರಗಳು ತೂಗತೊಡಗುತ್ತವೆ. ಸುತ್ತಲಿನ ಶಿಶುವಿಹಾರಗಳಲ್ಲಿ ಹಿಮಸಾರಂಗಗಳು ಹುಟ್ಟತೊಡಗುತ್ತವೆ. ಕಂದು ಕಾಗದದ ಮುಖ, ಹತ್ತಿಯ ಹಿಮ, ಕೆಂಪು ಗುಂಡಿಯ ಮೂಗು, ಜೊತೆಗೆ ಎರಡು ಹಾಡು. ಕನ್ನಡದ ಮನೆಗಳ ಮಕ್ಕಳೂ ಅವನ್ನು ಕಲಿತು ಬಂದು ಅಜ್ಜ ಅಜ್ಜಿಯರ ಮುಂದೆ ಒಪ್ಪಿಸುತ್ತಾರೆ. ಅನ್ಯರ ಹಬ್ಬವೆಂದು ಮುಖ ಸಿಂಡರಿಸುವವರ ಸಾಲಿನವನಲ್ಲ ನಾನು. ಆದರೆ ಮಕ್ಕಳ ಕೈಗೆ ಕೊಡುವ ಯಾವುದನ್ನೂ ತೂಗಿ ನೋಡದೆ ಕೊಡಬಾರದಷ್ಟೆ.

‘ಜಿಂಗಲ್ ಬೆಲ್ಸ್’ ವಿಚಾರ ಬೇಗ ಮುಗಿಸಬಹುದು. 1857ರಲ್ಲಿ ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ ಪ್ರಕಟಿಸಿದ ಈ ಹಾಡಿನಲ್ಲಿ ಕ್ರಿಸ್‌ಮಸ್ಸಿನ ಹೆಸರೂ ಇಲ್ಲ, ಹಿಮಸಾರಂಗವೂ ಇಲ್ಲ, ಇರುವುದು ಕುದುರೆ. ಲಯ ಚೆನ್ನಾಗಿದೆ, ಮಕ್ಕಳು ಕುಣಿಯುತ್ತಾರೆ, ಸಾಕು.

ರುಡಾಲ್ಫನದು ಹಾಗಲ್ಲ, ಅದರಲ್ಲಿ ಕಥೆಯಿದೆ. 1939ರಲ್ಲಿ ಚಿಕಾಗೋದ ಮಾಂಟ್‌ಗೊಮರಿ ವಾರ್ಡ್ ಎಂಬ ಅಂಗಡಿ ಸಂಸ್ಥೆ ಗಿರಾಕಿಗಳ ಮಕ್ಕಳಿಗೆ ಪುಕ್ಕಟೆ ಹಂಚಲೆಂದು ತನ್ನ ಜಾಹೀರಾತು ಬರೆಯುವ ನೌಕರ ರಾಬರ್ಟ್ ಮೇ ಕೈಯಲ್ಲಿ ಬರೆಯಿಸಿದ ಕಥೆ ಅದು. ಆತನ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡ ವರ್ಷವೂ ಅದೇ. ಹುಟ್ಟಿದ್ದು ಅಂಗಡಿಯಲ್ಲಾದರೂ ಕಥೆಯೊಳಗಿನ ನೋವು ಸುಳ್ಳಲ್ಲ. 1949ರಲ್ಲಿ ಮೇಯ ಸೋದರಿಯ ಗಂಡ ಜಾನಿ ಮಾರ್ಕ್ಸ್ ಅದನ್ನು ಹಾಡಾಗಿಸಿದ, ಜೀನ್ ಆಟ್ರಿ ಹಾಡಿದ.

ಮೂಗು ಕೆಂಪೆಂದು ಉಳಿದವು ರುಡಾಲ್ಫನನ್ನು ನೋಡಿ ನಗುತ್ತವೆ, ಆಟಕ್ಕೆ ಸೇರಿಸುವುದಿಲ್ಲ. ಒಂದು ರಾತ್ರಿ ಮಂಜು ಕವಿಯುತ್ತದೆ. ಬಂಡಿಗೆ ದೀಪವಾಗಿ ಆ ಮೂಗು ಬೇಕಾಗುತ್ತದೆ. ಆಗ ಎಲ್ಲರಿಗೂ ಅವನ ಮೇಲೆ ಪ್ರೀತಿ. ಮಂಜು ಕವಿಯದಿದ್ದರೆ? ಈ ಪ್ರಶ್ನೆಯನ್ನು ಹಾಡು ಕೇಳುವುದೇ ಇಲ್ಲ. ನಕ್ಕವರು ತಪ್ಪೊಪ್ಪಿಕೊಳ್ಳುವುದೂ ಇಲ್ಲ. ಮನೆಯಲ್ಲಿ ಕನ್ನಡವಾಡಿ, ಶಾಲೆಯಲ್ಲಿ ಇಂಗ್ಲಿಷ್ ತೊದಲಿ ನಗೆಗೀಡಾಗುವ ನಮ್ಮ ಮಗುವಿಗೆ ಈ ಹಾಡು ಏನು ಹೇಳಿದಂತಾಯಿತು? ಉಪಯೋಗಕ್ಕೆ ಬರುವ ತನಕ ಕಾದಿರು ಎಂದೇ?

ಜಿ. ಪಿ. ರಾಜರತ್ನಂ ಅವರ ನಾಯಿಮರಿಯೂ ತಿಂಡಿಗೆ ಬದಲಾಗಿ ಮನೆ ಕಾಯುವ ಮಾತಾಡುತ್ತದಲ್ಲ ಎಂದು ಯಾರಾದರೂ ವಾದಿಸಬಹುದು. ಸರಿಯೇ. ಆದರೆ ಅಲ್ಲಿ ಯಾರೂ ನಾಯಿಮರಿಯನ್ನು ಮೊದಲು ಹೊರಗಟ್ಟಿಲ್ಲ. ಇಬ್ಬರು ಸಮಾನರ ನೇರ ವ್ಯವಹಾರ ಅದು. ಪರದೇಶದ ಕಥೆಯೆಂದು ದೂರುವುದೂ ತರವಲ್ಲ. ಬ್ರೌನಿಂಗನ ಕಿನ್ನರಿಗಾರನನ್ನು ಕುವೆಂಪು ಬೊಮ್ಮನಹಳ್ಳಿಗೆ ಕರೆತಂದರು. ಇಂದಿಗೂ ಅವನು ನಮ್ಮವನೇ. ರುಡಾಲ್ಫನಿಗೆ ಅಂಥ ಕವಿ ಸಿಕ್ಕಿಲ್ಲ.

ವಿಜ್ಞಾನ ಓದಿದವನ ಚಟ, ಒಂದು ಮಾತು ಸೇರಿಸುತ್ತೇನೆ. ಜಿಂಕೆಯ ಜಾತಿಗಳಲ್ಲಿ ಹೆಣ್ಣಿಗೂ ಕೊಂಬಿರುವುದು ಹಿಮಸಾರಂಗದಲ್ಲಿ ಮಾತ್ರ. ಬಲಿತ ಗಂಡುಗಳು ಸಾಮಾನ್ಯವಾಗಿ ಚಳಿಗಾಲದ ಆರಂಭದಲ್ಲೇ ಕೊಂಬು ಉದುರಿಸುತ್ತವೆ, ಹೆಣ್ಣುಗಳು ವಸಂತದವರೆಗೂ ಉಳಿಸಿಕೊಳ್ಳುತ್ತವೆ. ಹಾಗಾಗಿ ಕ್ರಿಸ್‌ಮಸ್ಸಿನಲ್ಲಿ ಕೊಂಬು ಹೊತ್ತು ಬಂಡಿ ಎಳೆಯುವ ರುಡಾಲ್ಫ ಹೆಚ್ಚಾಗಿ ಹೆಣ್ಣೇ ಇರಬೇಕು! ಮೂಗಿನ ಮಾತೂ ಪೂರಾ ಕಟ್ಟುಕಥೆಯಲ್ಲ: 2012ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನದಂತೆ ಅದರ ಮೂಗಿನ ರಕ್ತನಾಳಗಳ ಸಾಂದ್ರತೆ ನಮ್ಮದಕ್ಕಿಂತ ಶೇ. 25ರಷ್ಟು ಹೆಚ್ಚು. ಇದನ್ನೆಲ್ಲ ಹೇಳಿ, ಬೋರಿವಲಿಯ ರಾಷ್ಟ್ರೀಯ ಉದ್ಯಾನದ ಚುಕ್ಕೆ ಜಿಂಕೆಯನ್ನೂ ತೋರಿಸಿದರೆ ಮಗುವಿಗೆ ಲಾಭವಿದೆ.

ಇನ್ನು ಕರಕೌಶಲ. ಮಗುವಿನ ಎರಡು ಅಂಗೈಗಳನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಕತ್ತರಿಸಿ, ಕೊಂಬಾಗಿ ಅಂಟಿಸುವ ಉಪಾಯ ನನಗೆ ತುಂಬ ಮೆಚ್ಚುಗೆಯಾಯಿತು. ಕೆಡುತ್ತಿರುವುದು ಟೀಚರು ಎಲ್ಲವನ್ನೂ ಮೊದಲೇ ಕತ್ತರಿಸಿಟ್ಟು ಮಗುವಿಗೆ ಗೋಂದು ಹಚ್ಚುವುದನ್ನಷ್ಟೇ ಬಿಟ್ಟಾಗ, ಇಲ್ಲವೇ ತಾಯಂದಿರು ರಾತ್ರಿ ಹನ್ನೊಂದರವರೆಗೆ ಕೂತು ಮಾಡಿದಾಗ. ಮೂವತ್ತು ಸಾರಂಗಗಳು ಒಂದೇ ಅಚ್ಚು, ಮೂವತ್ತಕ್ಕೂ ಕೆಂಪು ಮೂಗು. ಎಲ್ಲರ ಮೂಗೂ ಕೆಂಪಾದರೆ ನಗುವವರು ಯಾರು? ಹಾಡು ಬಿಟ್ಟ ನ್ಯಾಯವನ್ನು ಗೋಂದು ಒದಗಿಸಿತು ಎನ್ನೋಣ.

ಬಾಂದ್ರಾದ ಗಾವಠಾಣಗಳ ಮನೆಗಳಲ್ಲಿ ಕಟ್ಟುವ ಗೋದಲಿಯಲ್ಲಿ ಕುರಿ, ಎತ್ತು, ಕತ್ತೆ ಇರುತ್ತವೆ. ಹಿಮಸಾರಂಗಕ್ಕೆ ಅಲ್ಲಿ ಜಾಗವಿಲ್ಲ. ಮಂಗಳೂರ ಕಡೆಯ ಕ್ರೈಸ್ತ ನೆರೆಯವರು ಆ ದಿನಗಳಲ್ಲಿ ಕುಸ್ವಾರ್ ತಟ್ಟೆ ಕಳಿಸುತ್ತಾರೆ, ಅದರಲ್ಲಿ ಕಿಡಿಯೊ ಇರುತ್ತದೆ. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತಿದರೆ ಗೆರೆಗೆರೆಯ ಕಿಡಿಯೊ ಸಿದ್ಧ. ಕರಿಯುವುದು ದೊಡ್ಡವರ ಕೆಲಸ. ಒತ್ತಿ ಸುತ್ತುವುದಕ್ಕೆ ನಾಲ್ಕು ವರ್ಷದ ಬೆರಳು ಸಾಕು.